ಮರಿಗೆ ಗಿರಿನಗರದ ಪರಿಚಯ

(ಬೆಂಗಳೂರಿನ ಗಿರಿನಗರದ ಒಂದು ಮನೆಯ ಮುಂಬಾಗಿಲ ಮೆಟ್ಟಿಲು. ಶ್ರಾವಣದ ಸಂಜೆ. ಒಬ್ಬರು ಮನೆಯ ಯಜಮಾನರು. ಇನ್ನೊಬ್ಬರು ಪಶುಪಾಲನಾ ಇಲಾಖೆಯಲ್ಲಿ ಪಶುವೈದ್ಯರಾಗಿ ದುಡಿದು ನಿವೃತ್ತರಾಗಿ ಪಕ್ಕದ ರಸ್ತೆಯಲ್ಲಿರುವವರು. ನಡುವೆ ಮನೆಯ ಹಿರಿಯರೊಬ್ಬರು ಮಾತಿಗೆ ಸೇರುತ್ತಾರೆ.)

— ಲ್ಯಾಬ್ರಡಾರ್ ಅಂತ ನಿಶ್ಚಯ ಆಗಿದೆ ಡಾಕ್ಟ್ರೇ. ‘777 ಚಾರ್ಲಿ’ ಸಿನಿಮಾ ನೋಡಿದಾಗಿಂದ ಮಗಳು ಹಿಡಿದ ಹಟ ಬಿಟ್ಟಿಲ್ಲ. ರಿಂಗ್ ರೋಡ್ ಆಚೆ ಯಾರೋ ಮರಿ ಮಾರ್ತಾರಂತೆ, ಫೋಟೋ ಕಳಿಸಿದ್ದಾರೆ. ನೋಡಿ.

— ಮುದ್ದಾಗಿದೆ. ಇದರ ತಾಯಿ ಎಲ್ಲಿ?

— ತಾಯಿ ಫೋಟೋ ಕೇಳಲಿಲ್ಲ.

— ಮರಿ ತರೋಕೆ ಹೋದವರು ಮೊದಲು ತಾಯೀನ ನೋಡಬೇಕು. ಮನುಷ್ಯರು ಹತ್ತಿರ ಬಂದರೆ ಬಾಲ ಆಡಿಸುತ್ತಾ, ಮೂಲೆಗೆ ಸರಿಯುತ್ತಾ, ಮೈಯಲ್ಲಿ ಮಾಂಸ ಇದೆಯಾ ಅಂತ. ತಾಯಿ ಬೇರೆ ಕಡೆ ಇದೆ, ಆಮೇಲೆ ತೋರಿಸ್ತೀವಿ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಮರಿಗೆ ಎಷ್ಟು ದಿನ ಅಂದ್ರು?

— ಮೂವತ್ತೈದು ದಿನ. ಬೇಗ ತಗೊಂಡ್ರೆ ಮನೆಗೆ ಚೆನ್ನಾಗಿ ಹೊಂದಿಕೊಳ್ಳುತ್ತೆ ಅಂದ್ರು.

— ಬೇಗ ಮಾರಿದರೆ ಅವರಿಗೆ ಊಟದ ಖರ್ಚು ಉಳಿಯುತ್ತೆ. ನಾಯಿ ತಳಿಗಾರರಿಗೆ ಅಂತ ಕೇಂದ್ರ ಸರ್ಕಾರ 2017ರಲ್ಲೇ ನಿಯಮ ಮಾಡಿದೆ. ಎಂಟು ವಾರ ತುಂಬದ ಮರಿ ಮಾರೋ ಹಾಗಿಲ್ಲ, ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಐದನೇ ವಾರದಿಂದ ಎಂಟನೇ ವಾರದ ತನಕ ಮರಿಗಳು ಒಂದನ್ನೊಂದು ಕಚ್ಚಿ ಕಚ್ಚಿ ಆಡ್ತವೆ. ಜೋರಾಗಿ ಕಚ್ಚಿಸಿಕೊಂಡದ್ದು ಕುಂಯ್ ಅಂತ ಕಿರುಚಿ ಆಟ ಬಿಟ್ಟು ಹೋಗುತ್ತೆ. ಅತಿಯಾದರೆ ತಾಯಿ ಗುರ್ ಅನ್ನುತ್ತೆ. ಎಷ್ಟು ಬಿಗಿಯಾಗಿ ಕಚ್ಚಬಹುದು ಅನ್ನೋದು ಮರಿಗೆ ಗೊತ್ತಾಗೋದು ಅಲ್ಲಿ. ಅಷ್ಟರೊಳಗೆ ಎತ್ತಿಕೊಂಡು ಬಂದರೆ ಆ ಅಭ್ಯಾಸವೆಲ್ಲ ನಿಮ್ಮ ಮಗಳ ಮುಂಗೈ ಮೇಲೆ ನಡೆಯುತ್ತೆ. ಅಲ್ರೀ, ಚಾರ್ಲಿ ತಪ್ಪಿಸಿಕೊಂಡು ಬಂದದ್ದೂ ಮರಿ ಹಾಕಿಸಿ ದುಡ್ಡು ಮಾಡೋ ಅಂಥದ್ದೇ ಒಂದು ಮನೆಯಿಂದ. ಥಿಯೇಟರ್‌ನಲ್ಲಿ ಎಲ್ಲರೂ ಅತ್ತರು. ಮರುದಿನ ಅಂಥದ್ದೇ ಮನೆಗೆ ಫೋನ್ ಮಾಡಿ ರೇಟು ಕೇಳ್ತಾರೆ.

— ಹಾಗಾದ್ರೆ ಮುಧೋಳ ತರೋಣ. ನಮ್ಮ ನಾಡಿನದೇ ತಳಿ.

— ಹೆಮ್ಮೆ ಪಡಿ, ಬೇಡ ಅನ್ನಲ್ಲ. ಮುಧೋಳದ ಅರಸರು ಮಾಲೋಜಿರಾವ್ ಘೋರ್ಪಡೆ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟಿದ್ದರು. 2005ರಲ್ಲಿ ಅಂಚೆ ಚೀಟಿಗೆ ಬಂತು. ಆಮೇಲೆ ಮೀರತ್‌ನ ಸೇನಾ ಕೇಂದ್ರಕ್ಕೂ ತರಬೇತಿಗೆ ಹೋಯಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಅದಕ್ಕೆ ಅಂತಲೇ ಸಂಶೋಧನಾ ಕೇಂದ್ರ ಇದೆ. ಆದರೆ ಅದು ದೂರದಲ್ಲಿ ಏನಾದರೂ ಅಲ್ಲಾಡಿದ್ದು ಕಂಡರೆ ಬೆನ್ನಟ್ಟೋ ಜಾತಿ. ಕಪ್ಪು ಮಣ್ಣಿನ ಹೊಲದ ಮೇಲೆ ಅದು ಓಡೋದನ್ನ ನೋಡಿದವರು ಮೂವತ್ತು ನಲವತ್ತರ ಸೈಟಿನಲ್ಲಿ ಅದನ್ನ ಕಟ್ಟಿಹಾಕಲ್ಲ. ಹಾಲಿನವನು ಗೇಟು ತೆರೆದಿಟ್ಟ ಗಳಿಗೆಯಲ್ಲಿ ಬೆಕ್ಕು ಕಂಡಿತೋ, ನೀವು ಚಪ್ಪಲಿ ಹುಡುಕೋದರೊಳಗೆ ಅದು ಸೀತಾ ಸರ್ಕಲ್ ದಾಟಿರುತ್ತೆ.

— ಮತ್ತೆ ಇನ್ನೇನು ತರ್ಲಿ?

— ನಿಮ್ಮ ಕ್ರಾಸಿನ ಕೊನೇಲಿ ಕಟ್ತಾ ಇರೋ ಬಿಲ್ಡಿಂಗ್ ಇದೆಯಲ್ಲ, ಅಲ್ಲಿ ಮರಳಿನ ರಾಶಿ ಹಿಂದೆ ಕಂದು ನಾಯಿ ನಾಲ್ಕು ಮರಿ ಹಾಕಿದೆ. ಕಣ್ಣು ಬಿಟ್ಟು ಓಡಾಡೋಕೆ ಶುರು ಮಾಡಿವೆ. ತಿಂಗಳು ಆಗಿರಬಹುದು.

— ಬೀದಿ ನಾಯಿ ಮರಿನಾ? ಅದು ಹೇಗಾಗುತ್ತೋ ಏನೋ.

— ಫೋಟೋದಲ್ಲಿ ಕಂಡ ಮರಿ ಹೇಗಾಗುತ್ತೋ ಅನ್ನೋದು ನಿಮಗೆ ಇನ್ನೂ ಗೊತ್ತಿಲ್ಲ. ಕಂದು ನಾಯೀನ ನೀವು ದಿನಾ ನೋಡ್ತೀರಿ. ವಾಚ್‌ಮನ್ ಹೆಂಡತಿ ಅನ್ನ ಹಾಕ್ತಾಳೆ, ಸ್ಕೂಲ್ ಮಕ್ಕಳು ತಲೆ ಸವರಿ ಹೋಗ್ತಾರೆ, ಒಬ್ಬರ ಮೇಲೂ ಹಲ್ಲು ಕಿರಿದಿಲ್ಲ. ಚಳಿ, ಮಳೆ, ಈ ಊರಿನ ಉಣ್ಣಿ ಎಲ್ಲವನ್ನೂ ತಡೆದುಕೊಂಡ ವಂಶ. ಸೊಂಟದ ಕೀಲಿನ ತೊಂದರೆ ಲ್ಯಾಬ್ರಡಾರ್‌ನಲ್ಲಿ ಹೆಚ್ಚು. ಅದಕ್ಕೆ ಸರಿಯಾಗಿ ನೀವು ಹಳೇ ರೆಡ್ ಆಕ್ಸೈಡ್ ನೆಲ ಕಿತ್ತು ಕನ್ನಡಿಯಂಥ ಟೈಲ್ಸ್ ಹಾಕಿಸಿದ್ದೀರಿ. ಯಾವ ಮರಿ ಬಂದರೂ ಓಡಾಡೋ ಜಾಗದಲ್ಲಿ ಚಾಪೆ ಹಾಸಿ, ಅದು ಬೇರೆ ಮಾತು.

— ಸರಿ, ಮಗಳನ್ನ ಒಪ್ಪಿಸ್ತೀನಿ. ಎಂಟು ವಾರ ಆದ ಮೇಲೆ ತರೋಣ. ಆಮೇಲೆ ಒಬ್ಬ ಟ್ರೈನರ್‌ನ ಗೊತ್ತು ಮಾಡಿ ‘ಸಿಟ್’, ‘ಶೇಕ್ ಹ್ಯಾಂಡ್’ ಎಲ್ಲ ಕಲಿಸಿದರೆ ಆಯಿತಲ್ಲ?

— ಕೂರೋದನ್ನ ನಾಯಿ ಹತ್ತು ವರ್ಷಕ್ಕೂ ಕಲಿಯುತ್ತೆ. ಹದಿನಾಲ್ಕನೇ ವಾರ ಕಳೆದ ಮೇಲೆ ಕಲಿಸೋಕೆ ಕಷ್ಟವಾದದ್ದು ಬೇರೆ ಇದೆ. ಅಮೆರಿಕದ ಬಾರ್ ಹಾರ್ಬರ್ ಅನ್ನೋ ಊರಿನ ಪ್ರಯೋಗಶಾಲೆಯಲ್ಲಿ ಸ್ಕಾಟ್ ಮತ್ತು ಫುಲ್ಲರ್ ಅಂತ ಇಬ್ಬರು ವರ್ಷಗಟ್ಟಲೆ ನಾಯಿಮರಿಗಳನ್ನ ಬೆಳೆಸಿ ನೋಡಿದರು. 1965ರಲ್ಲಿ ಪುಸ್ತಕ ಬಂತು. ಅಲ್ಲಿಯದೇ ಇನ್ನೊಂದು ಪ್ರಯೋಗ 1961ರಲ್ಲಿ ಪ್ರಕಟವಾಯಿತು. ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ತಾಯಿ ಜೊತೆ ಮರಿಗಳು. ಊಟ ನೀರು ಎಲ್ಲ ಇದೆ, ಮನುಷ್ಯನ ಸಂಪರ್ಕ ಇಲ್ಲ. ಕೆಲವನ್ನ ಎರಡನೇ ವಾರ, ಕೆಲವನ್ನ ಐದು, ಏಳು, ಒಂಬತ್ತನೇ ವಾರ ಹೊರಗೆ ತಂದು ಒಂದೊಂದು ವಾರ ಜನರ ಜೊತೆ ಇಟ್ಟರು. ಉಳಿದ ಕೆಲವನ್ನ ಹದಿನಾಲ್ಕು ವಾರ ಮುಟ್ಟಲೇ ಇಲ್ಲ. ಅವು ಕೊನೆಗೆ ಕಾಡುಪ್ರಾಣಿ ಥರ ಆದವು. ಎಷ್ಟು ಪಳಗಿಸಿದರೂ ಹತ್ತಿರ ಬರಲಿಲ್ಲ. ಹುಟ್ಟಿನಿಂದ ಅವೂ ಸಾಧು ತಳಿಯವೇ, ಸ್ಪ್ಯಾನಿಯಲ್, ಬೀಗಲ್.

— ನಮ್ಮ ಮರಿ ಜನರ ಜೊತೇನೇ ಇರುತ್ತಲ್ಲ ಡಾಕ್ಟ್ರೇ?

— ನಿಮ್ಮ ಮನೆಯ ನಾಲ್ಕು ಜನರ ಜೊತೆ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದ ತನಕ ಕಂಡದ್ದು, ಕೇಳಿದ್ದು, ಮೂಸಿದ್ದು ಮರಿಗೆ ಲೋಕದಲ್ಲಿ ಇರಬೇಕಾದ್ದು ಅನ್ನಿಸುತ್ತೆ. ಆಮೇಲೆ ಹೊಸದಾಗಿ ಎದುರಾದದ್ದರ ಮೇಲೆ ಮೊದಲು ಅನುಮಾನ, ನಂತರ ವಿಚಾರಣೆ. ನಮ್ಮ ಜನ ಏನು ಮಾಡ್ತಾರೆ? ಎಂಟನೇ ವಾರ ಮರಿ ತರ್ತಾರೆ. ಲಸಿಕೆ ಮುಗಿಯೋವರೆಗೂ ಹೊರಗೆ ಬಿಡಬೇಡಿ ಅಂತ ಯಾರೋ ಹೇಳಿರ್ತಾರೆ, ನಾಲ್ಕು ತಿಂಗಳ ತನಕ ಮನೆಯೊಳಗೆ ಇಡ್ತಾರೆ. ಐದನೇ ತಿಂಗಳು ಚೈನು ಹಾಕಿ ಬೀದಿಗೆ ತಂದರೆ ಅದು ಆಟೋ ಕಂಡರೂ ಬೊಗಳುತ್ತೆ, ಹೆಲ್ಮೆಟ್ ಕಂಡರೂ ಬೊಗಳುತ್ತೆ. ‘ತುಂಬಾ ಚುರುಕು, ಒಳ್ಳೇ ವಾಚ್‌ಡಾಗ್’ ಅಂತ ಯಜಮಾನರು ಮೀಸೆ ತಿರುವ್ತಾರೆ. ಅದು ಹೆದರಿ ಸಾಯ್ತಾ ಇರುತ್ತೆ.

— ಆದರೆ ಲಸಿಕೆ ವಿಷಯ ಸುಳ್ಳಲ್ಲವಲ್ಲ. ಪಾರ್ವೋ ಬಂದರೆ ಮರಿ ಉಳಿಯಲ್ಲ ಅಂತಾರೆ.

— ಸುಳ್ಳಲ್ಲ. ಆ ವೈರಸ್ ಲೋಕಕ್ಕೆ ಗೊತ್ತಾದದ್ದೇ 1978ರ ಸುಮಾರಿಗೆ. ಅಷ್ಟರಲ್ಲಿ ಊರೂರಿಗೆ ಹಬ್ಬಿತ್ತು. ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತೆ. ಲಸಿಕೆ ಒಂದೇ ಸಲ ಕೊಟ್ಟು ಯಾಕೆ ಮುಗಿಸಲ್ಲ ಅಂತ ಎಲ್ಲರೂ ಕೇಳ್ತಾರೆ. ತಾಯಿಯ ಹಾಲಿನಲ್ಲಿ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರೋವರೆಗೆ ಅದು ಲಸಿಕೆಯನ್ನೂ ಹೊಡೆದು ಹಾಕುತ್ತೆ. ಆ ರಕ್ಷಣೆ ಯಾವ ಮರಿಯಲ್ಲಿ ಯಾವ ವಾರ ಇಳಿಯುತ್ತೆ ಅಂತ ಹೇಳೋಕಾಗಲ್ಲ. ಅದಕ್ಕೇ ಆರರಿಂದ ಎಂಟನೇ ವಾರಕ್ಕೆ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹದಿನಾರನೇ ವಾರದ ತನಕ ಕೊಡೋದು. ರೇಬೀಸ್‌ದು ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದ ಹಾಗೆ. ಇಲ್ಲೇ ಸಮಸ್ಯೆ ನೋಡಿ. ಲಸಿಕೆ ಮುಗಿಯೋದು ಹದಿನಾರಕ್ಕೆ, ಮನಸ್ಸಿನ ಬಾಗಿಲು ಮುಚ್ಚೋದು ಹದಿನಾಲ್ಕಕ್ಕೆ. ಅಮೆರಿಕದ ಪಶುವೈದ್ಯರ ಪೈಕಿ ಪ್ರಾಣಿಗಳ ವರ್ತನೆಯನ್ನೇ ನೋಡುವವರ ಸಂಘ 2008ರಲ್ಲಿ ನೇರವಾಗಿ ಹೇಳಿತು: ಮೊದಲ ಲಸಿಕೆ ಆಗಿ ವಾರ ಕಳೆದರೆ ಸಾಕು, ಎಚ್ಚರಿಕೆಯಿಂದ ಹೊರಗಿನ ಪರಿಚಯ ಮಾಡಿಸಿ, ಕಾಯಬೇಡಿ ಅಂತ.

— ಹೊರಗೆ ಅಂದ್ರೆ ಪಾರ್ಕಿಗೆ?

— ನೆಲಕ್ಕೆ ಬಿಡಬೇಡಿ, ಎತ್ತಿಕೊಂಡು ಹೋಗಿ. ಬೇರೆ ನಾಯಿಗಳು ಮೂತ್ರ ಮಾಡೋ ಕಂಬ, ಕಸದ ಮೂಲೆ, ಪಾರ್ಕಿನ ಹುಲ್ಲು ಯಾವುದನ್ನೂ ಕಾಲಿಗೆ ಮುಟ್ಟಿಸಬೇಡಿ. ಹೆಗಲಿಗೆ ಬಟ್ಟೆ ಚೀಲ ಹಾಕಿ, ತಲೆ ಹೊರಗಿಟ್ಟು ಕೂರಿಸಿ. ವಿವೇಕಾನಂದ ಪಾರ್ಕ್ ಹತ್ತಿರ ಬೆಂಚ್ ಮೇಲೆ ಹತ್ತು ನಿಮಿಷ ಕೂತುಕೊಳ್ಳಿ. ಆಟೋ ಸ್ಟ್ಯಾಂಡ್ ನೋಡಲಿ. ಬಿಎಂಟಿಸಿ ಬಸ್ಸು ಬ್ರೇಕ್ ಹಾಕಿ ಉಸಿರು ಬಿಡೋ ಶಬ್ದ ಕೇಳಲಿ. ಕಸದ ಆಟೋದ ಹಾಡು, ತರಕಾರಿ ಗಾಡಿಯ ಮೈಕು, ಟೈಲ್ಸ್ ಕೊಯ್ಯೋ ಮಷೀನು. ಗ್ಯಾಸ್ ಸಿಲಿಂಡರ್ ಉರುಳಿಸೋ ಹುಡುಗ. ಕೊಡೆ ಬಿಚ್ಚೋರು, ಕೋಲು ಊರಿಕೊಂಡು ನಡೆಯೋ ತಾತ, ರೇನ್‌ಕೋಟು, ಗಡ್ಡ, ಯೂನಿಫಾರ್ಮಿನಲ್ಲಿ ಕಿರುಚುತ್ತಾ ಓಡೋ ಮಕ್ಕಳು. ದೇವಸ್ಥಾನದ ಮಂಗಳಾರತಿ ಹೊತ್ತಿಗೆ ಗಂಟೆ ಕೇಳೋ ಹಾಗೆ ಎದುರು ಬೀದಿಯಲ್ಲಿ ನಿಲ್ಲಿ. ಅಲ್ಲೇ ಒಂದು ದನವನ್ನೂ ತೋರಿಸಿ, ಗಿರಿನಗರದಲ್ಲಿ ಅದಕ್ಕೇನೂ ಬರವಿಲ್ಲ.

— ತೋರಿಸಿದರೆ ಸಾಕಾ?

— ತೋರಿಸಿದ ಮರುಕ್ಷಣ ಬಾಯಿಗೆ ಏನಾದರೂ ರುಚಿಯಾದದ್ದು, ಉಗುರಿನಷ್ಟು. ಆಟೋ ಬಂತು, ಪನೀರ್ ಚೂರು ಬಂತು. ತಡ ಆಗಬಾರದು. ಎರಡು ಸೆಕೆಂಡ್ ಆದ ಮೇಲೆ ಕೊಟ್ಟರೆ ಅದು ಯಾವುದಕ್ಕೆ ಅಂತ ಮರಿಗೆ ತಿಳಿಯಲ್ಲ. ಹೆದರಿ ಚೀಲದೊಳಗೆ ತಲೆ ಎಳೆದುಕೊಂಡಿತಾ, ನೀವು ಹಿಂದೆ ಸರಿಯಿರಿ. ಇನ್ನೂ ಹತ್ತಿರ ಹಿಡಿದು ‘ನೋಡು ನೋಡು ಏನೂ ಮಾಡಲ್ಲ’ ಅನ್ನೋದಿದೆಯಲ್ಲ, ಆ ಒಂದು ಸಲಕ್ಕೆ ಜೀವನಪೂರ್ತಿ ಭಯ ಕೂರುತ್ತೆ. ಬನ್ನಿ ಅಮ್ಮಾ, ಕೂತ್ಕೊಳ್ಳಿ. ನಿಮ್ಮ ಮನೆಗೆ ಬರೋ ಅತಿಥಿ ವಿಷಯಾನೇ ಮಾತಾಡ್ತಾ ಇದ್ದೀವಿ.

— ಕೇಳಿಸ್ತು. ನೋಡಪ್ಪಾ, ನನಗೆ ಪ್ರಾಣಿ ಕಂಡರೆ ದ್ವೇಷ ಇಲ್ಲ. ದತ್ತಾತ್ರೇಯರ ಪಾದದ ಹತ್ತಿರವೂ ನಾಲ್ಕು ನಾಯಿ ಇವೆ. ಆದರೆ ಅಡುಗೆಮನೆ, ದೇವರಮನೆ ಇರೋ ಕಡೆ ನಾಯಿ ಓಡಾಡೋದು ನಮ್ಮಲ್ಲಿ ಇಲ್ಲ.

— ಕಸ್ತೂರಬಾ ರಸ್ತೆಯ ಮ್ಯೂಸಿಯಂಗೆ ಹೋಗಿದ್ದೀರಾ ಅಮ್ಮಾ? ಅಲ್ಲಿ ಆತಕೂರಿನ ಕಲ್ಲು ಇದೆ, ಮದ್ದೂರಿನ ಕಡೆಯದು. ಕ್ರಿ.ಶ. 950ರ ಆಸುಪಾಸು. ತಕ್ಕೋಲದ ಯುದ್ಧದಲ್ಲಿ ಮಣಲೇರ ಅನ್ನೋ ವೀರ ಚೆನ್ನಾಗಿ ಕಾದಿದ. ರಾಷ್ಟ್ರಕೂಟರ ಮೂರನೇ ಕೃಷ್ಣ ಮೆಚ್ಚಿ, ಏನು ಬೇಕೋ ಕೇಳು ಅಂದ. ಆತ ಊರು ಕೇಳಲಿಲ್ಲ, ದೊರೆಯ ಹತ್ತಿರ ಇದ್ದ ಕಾಳಿ ಅನ್ನೋ ನಾಯಿ ಕೇಳಿದ. ಆಮೇಲೆ ಆ ನಾಯೀನ ಒಂದು ದೊಡ್ಡ ಹಂದಿ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರನ ಗುಡಿ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ ಗದ್ದೆ ದತ್ತಿ ಬಿಟ್ಟರು. ಆ ಗುಡಿಯ ಗೊರವ, ಅಂದರೆ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಅಂತ ಕಲ್ಲಲ್ಲೇ ಬರೆದಿದೆ.

— ಕಲ್ಲಿಗೆ ಪೂಜೆ ಮಾಡೋದು ಸುಲಭ. ಕಲ್ಲು ಕೂದಲು ಉದುರಿಸಲ್ಲ.

— ಅದೂ ನಿಜವೇ! ಆಯಿತು, ಅಡುಗೆಮನೆ ಹೊಸ್ತಿಲು ಗಡಿ. ಆದರೆ ಅದನ್ನ ಮೊದಲ ದಿನದಿಂದ ಮನೆಯವರೆಲ್ಲ ಪಾಲಿಸಬೇಕು. ಮಗಳು ಒಳಗೆ ಕರೆಯೋದು, ನೀವು ಗದರಿಸೋದು ಆದರೆ ಮರಿಗೆ ಗಡಿ ತಿಳಿಯಲ್ಲ, ನೀವು ಕೆಟ್ಟವರು ಅನ್ನೋದಷ್ಟೇ ತಿಳಿಯುತ್ತೆ. ಮಕ್ಕಳಿಗೆ ಹಾಕೋ ಮೊಣಕಾಲೆತ್ತರದ ಗೇಟು ಸಿಗುತ್ತೆ, ಅದನ್ನ ಹಾಕಿಸಿ.

— ಊಟ? ನಮ್ಮ ಮನೇಲಿ ಮೊಟ್ಟೆ ಕೂಡ ಒಡೆಯಲ್ಲ. ಮೊಸರನ್ನ ಹಾಕಬಹುದಲ್ಲ?

— ಮೊಸರು ಒಳ್ಳೇದು, ಹಾಲಿಗಿಂತ ಚೆನ್ನಾಗಿ ಅರಗುತ್ತೆ. ರಾಗಿಯೂ ಸರಿ. ಅದರ ಮೇಲೇ ಬೆಳೆಸೋಕೆ ಹೋದರೆ ಮೂಳೆ ಸೊಟ್ಟಗಾಗುತ್ತೆ. ಬೆಳೆಯೋ ಮರಿಗೆ ಪ್ರೋಟೀನು, ಸುಣ್ಣದ ಅಂಶ ಸರಿಯಾದ ಪ್ರಮಾಣದಲ್ಲಿ ಬೇಕು. ಮರಿಗಳಿಗೆ ಅಂತಲೇ ಬರೋ ಒಣ ಆಹಾರ ತನ್ನಿ, ಚೀಲ ಗ್ಯಾರೇಜಿನಲ್ಲಿರಲಿ, ಬಟ್ಟಲು ಬೇರೆ ಇರಲಿ. ನಿಮ್ಮ ಮಡಿಗೆ ತೊಂದರೆ ಇಲ್ಲ. ನಿಮ್ಮ ಅಡುಗೆಯಿಂದಲೇ ಅದಕ್ಕೆ ತೊಂದರೆ. ಈರುಳ್ಳಿ ಹುಳಿ, ಬೆಳ್ಳುಳ್ಳಿ ಒಗ್ಗರಣೆ ಅದರ ರಕ್ತದ ಕೆಂಪು ಕಣ ಒಡೆಯುತ್ತೆ. ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಪಾಯಸ, ಕೇಸರಿಬಾತು, ಪ್ರಸಾದ ಏನೇ ಇರಲಿ, ದ್ರಾಕ್ಷಿ ಇದ್ದರೆ ಬೇಡ. ಚಾಕೊಲೇಟ್ ಅಂತೂ ಬೇಡವೇ ಬೇಡ.

— ಅದು ಎಲ್ಲೆಂದರಲ್ಲಿ ಉಚ್ಚೆ ಹೊಯ್ಯೋದಕ್ಕೆ ಏನು ಮಾಡ್ತೀರಪ್ಪಾ? ಪೇಪರ್ ಹಾಸಿದರೆ ಅದರ ಮೇಲೇ ಮಾಡುತ್ತಂತೆ.

— ಮಾಡುತ್ತೆ. ಆಮೇಲೆ ನಿಮ್ಮ ಮಗ ಸೋಫಾ ಮೇಲಿಟ್ಟ ಬೆಳಗಿನ ಪೇಪರಿನ ಮೇಲೂ ಮಾಡುತ್ತೆ. ಪೇಪರ್ ಅಂದರೆ ಕಕ್ಕಸು ಅಂತ ನೀವೇ ಕಲಿಸಿದ್ದು ತಾನೇ? ಎರಡು ತಿಂಗಳ ಮರಿ ಎರಡು ಮೂರು ಗಂಟೆ ತಡೆದರೆ ಹೆಚ್ಚು. ಎದ್ದ ತಕ್ಷಣ, ಉಂಡ ಮೇಲೆ, ಆಡಿದ ಮೇಲೆ ಎತ್ತಿಕೊಂಡು ಮನೆ ಪಕ್ಕದ ಮಣ್ಣಿನ ಪಟ್ಟಿಗೆ ಹೋಗಿ, ದಿನಾ ಅದೇ ಜಾಗ. ಸುಮ್ಮನೆ ನಿಲ್ಲಿ. ಮಾಡಿ ಮುಗಿಸಿದ ಕೂಡಲೇ ತಿಂಡಿ. ಒಳಗೆ ಮಾಡಿದರೆ ಮೂತಿ ಹಿಡಿದು ಉಜ್ಜೋದು, ಪೇಪರ್ ಸುತ್ತಿ ಹೊಡೆಯೋದು ಬೇಡ. ಮನುಷ್ಯರ ಕಣ್ಣೆದುರು ಮಾಡಬಾರದು ಅಂತ ಕಲಿತು ಮಂಚದ ಕೆಳಗೆ ಹೋಗಿ ಮಾಡುತ್ತೆ. ಇನ್ನೊಂದು ವಿಷಯ, ಬೆಳಗ್ಗೆ ಗೇಟು ದಾಟಿಸೋವಾಗ ಎತ್ತಿಕೊಂಡೇ ದಾಟಿಸಿ. ಎದುರುಮನೆಯವರ ರಂಗೋಲಿ ಮೇಲೆ ಒಂದು ದಿನ ಕಾಲೆತ್ತಿದರೆ ಹತ್ತು ವರ್ಷದ ಸ್ನೇಹ ಹೋಗುತ್ತೆ.

— ರಾತ್ರಿ ಟೆರೇಸ್ ಮೇಲೆ ಒಂದು ಗೂಡು ಕಟ್ಟಿಸೋಣ ಅಂತಿದ್ದೆ ಡಾಕ್ಟ್ರೇ. ಗಾಳಿ ಬೆಳಕು ಚೆನ್ನಾಗಿದೆ.

— ದಕ್ಷಿಣ ಬೆಂಗಳೂರಿನ ಅರ್ಧ ನಾಯಿಗಳು ಹಾಳಾಗಿರೋದು ಟೆರೇಸ್ ಮೇಲೆ ಕಣ್ರೀ. ಮೇಲಿಂದ ಬೀದಿ ಕಾಣುತ್ತೆ, ಬೀದಿಗೆ ಬರೋಕಾಗಲ್ಲ. ಹೋಗೋರು ಬರೋರಿಗೆಲ್ಲ ಬೊಗಳುತ್ತೆ. ಅವರು ಹೇಗೂ ನಡೆದು ಹೋಗ್ತಾರೆ, ತಾನು ಬೊಗಳಿದ್ದಕ್ಕೇ ಓಡಿಹೋದರು ಅಂತ ಅದು ತಿಳಿಯುತ್ತೆ. ಮರುದಿನ ಇನ್ನೂ ಜೋರು. ಊಟದ ತಟ್ಟೆ ಇಡೋಕೆ ಬಿಟ್ಟರೆ ಯಾರೂ ಮೇಲೆ ಹತ್ತಲ್ಲ. ಬಿಸಿಲಿಗೆ ಸಿಮೆಂಟು ಕಾದು ಅಂಗಾಲು ಸುಡುತ್ತೆ. ಅಂಥ ಮನೆಗಳಿಗೆ ಕರೆದಾಗ ಹೋಗಿ ಮೊದಲು ಹೇಳ್ತಿದ್ದದ್ದು ಇದೇ: ಟೆರೇಸ್ ಮೇಲೆ ಇಡೋದಾದರೆ ನಾಯಿ ಯಾಕೆ, ಸಿಸಿಟಿವಿ ಹಾಕಿಸಿ. ಒಡಹುಟ್ಟಿದವುಗಳ ಮೈಗೆ ಮೈ ತಾಗಿಸಿ ಮಲಗುತ್ತಿದ್ದ ಮರಿ ಒಂದೇ ರಾತ್ರಿಯಲ್ಲಿ ಒಂಟಿಯಾಗಿರುತ್ತೆ. ಮೊದಲ ಕೆಲವು ರಾತ್ರಿ ನಿಮ್ಮ ಮಂಚದ ಪಕ್ಕ ಬುಟ್ಟಿಯಲ್ಲಿ ಮಲಗಿಸಿ. ಅತ್ತರೆ ಕೈ ಇಳಿಬಿಡಿ. ನಿಧಾನಕ್ಕೆ ಬುಟ್ಟೀನ ಹಾಲ್‌ಗೆ ಸರಿಸಬಹುದು.

— ಕಚ್ಚೋದು? ಮಗಳಿಗೆ ಹಲ್ಲು ತಾಗಿದರೆ ಇಂಜೆಕ್ಷನ್ ಬೇಕಾ?

— ಆಟದ ಕಚ್ಚು ಆರು ತಿಂಗಳ ತನಕ ಇರುತ್ತೆ, ಹಾಲುಹಲ್ಲು ಬೀಳೋವರೆಗೆ. ಕಚ್ಚಿದಾಗ ಕೈ ಎಳೆದರೆ ಅದಕ್ಕೆ ಆಟ ಇನ್ನೂ ಮಜಾ. ಕೈ ಸಡಿಲ ಬಿಟ್ಟು, ಮಾತು ನಿಲ್ಲಿಸಿ, ಎದ್ದು ಹೋಗಬೇಕು. ಮತ್ತೆ ಬಂದು ಹಗ್ಗದ ಗೊಂಬೆ ಕೊಡಬೇಕು. ಆದರೆ ಬೀದಿಯಲ್ಲಿ ಹುಟ್ಟಿದ, ಲಸಿಕೆ ಆಗದ ಮರಿ ಹಲ್ಲು ಊರಿ ಚರ್ಮ ಗೀರಿದರೆ ಅದನ್ನ ಆಟ ಅಂತ ಬಿಡಬೇಡಿ. ಹದಿನೈದು ನಿಮಿಷ ಹರಿಯೋ ನೀರಿನಲ್ಲಿ ಸೋಪು ಹಾಕಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಮನುಷ್ಯರ ಡಾಕ್ಟರಿಗೆ ತೋರಿಸಿ. ಮರಿಗೂ ರೇಬೀಸ್ ಇರಬಹುದು. ಇದರಲ್ಲಿ ಮುಲಾಜು ಬೇಡ.

— ಟ್ರೈನರ್ ಬೇಡವೇ ಬೇಡ ಅಂತೀರಾ?

— ಒಳ್ಳೆಯವರು ಇದ್ದಾರೆ. ಮೊದಲ ದಿನವೇ ಚೋಕ್ ಚೈನು ತೆಗೆದವರಿಗೆ ಕಾಫಿ ಕೊಟ್ಟು ಕಳಿಸಿ. ನಾಯೀನ ತಮ್ಮ ಜಾಗಕ್ಕೆ ಕರೆದೊಯ್ದು ತಿಂಗಳಾದ ಮೇಲೆ ಕಲಿಸಿ ವಾಪಸ್ ಕೊಡ್ತೀವಿ ಅನ್ನೋರಿಗೂ ಅಷ್ಟೇ. ಅಲ್ಲಿ ಏನು ಮಾಡಿದರು ಅಂತ ನಾಯಿ ಹೇಳಲ್ಲ. ಬೇಕಾಗಿರೋದು ಮೂರು ನಾಲ್ಕು ಕೆಲಸ: ಕರೆದರೆ ಬರೋದು, ಬಾಯಲ್ಲಿರೋದನ್ನ ಬಿಡೋದು, ಒಬ್ಬಂಟಿ ಇದ್ದರೆ ಅರಚದೇ ಇರೋದು, ಕಿವಿ, ಪಾದ, ಬಾಯಿ ಮುಟ್ಟಿದರೆ ಸುಮ್ಮನಿರೋದು. ಕೊನೇದು ನಮ್ಮಂಥ ವೈದ್ಯರ ಸ್ವಾರ್ಥ. ಎಲ್ಲವನ್ನೂ ಮಗಳೇ ಕಲಿಸಬಹುದು. ಅವಳು ಯಾವ ಕ್ಲಾಸು?

— ಎಂಟನೇ ಕ್ಲಾಸು. ಎಲ್ಲ ಅವಳೇ ನೋಡಿಕೊಳ್ತೀನಿ ಅಂದಿದ್ದಾಳೆ.

— ಇನ್ನೆರಡು ವರ್ಷಕ್ಕೆ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ, ಸಿಇಟಿ, ಹಾಸ್ಟೆಲ್. ನಾಯಿ ಹನ್ನೆರಡು ಹದಿಮೂರು ವರ್ಷ ಇರುತ್ತೆ. ಬೆಳಗ್ಗೆ ಆರಕ್ಕೆ ಮಳೆಯಲ್ಲಿ ಕೊಡೆ ಹಿಡಿದು ನಿಲ್ಲೋರು ನೀವು. ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಮುಂದುವರಿಯೋಣ.

— ನಿಲ್ತೀನಿ. ವಾಕಿಂಗ್ ಮಾಡು ಅಂತ ನನ್ನ ಡಾಕ್ಟರೂ ಹೇಳಿದ್ದಾರೆ. ಹಾಗಾದರೆ ಇನ್ನೊಂದು ತಿಂಗಳು ಕಾಯಬೇಕು ಅಷ್ಟೇ ತಾನೇ?

— ಕಾಯೋದು ಯಾಕೆ? ಮರಿಗಳಿಗೆ ಈಗ ನಾಲ್ಕನೇ ವಾರ. ನಾನು ಹೇಳಿದ ಬಾಗಿಲು ಆಗಲೇ ತೆರೆದಿದೆ. ತಾಯಿ ಹತ್ತಿರವೇ ಬಿಡಿ, ನೀವೇ ದಿನಾ ಅಲ್ಲಿಗೆ ಹೋಗಿ. ಮೊದಲು ತಾಯಿಗೆ ಊಟ ಹಾಕಿ, ಅದು ಒಪ್ಪಿದ ಮೇಲೆ ಮರಿ ಮುಟ್ಟಿ. ಜಂತುಹುಳುವಿನ ಔಷಧಿ ನಾನು ಕೊಡ್ತೀನಿ. ಮಗಳು ಕೂತು ಓದಲಿ, ಅವು ತೊಡೆ ಹತ್ತಿ ಇಳಿಯಲಿ. ಒಂದು ಹಳೇ ಟವೆಲ್ ಅಲ್ಲಿ ಹಾಸಿ, ಮರಿ ತರೋವಾಗ ಅದನ್ನೂ ತನ್ನಿ. ಬಂದ ಮೇಲೆ ಸ್ವಲ್ಪ ದಿನದಲ್ಲೇ ಗಣೇಶನ ಹಬ್ಬ ಬರುತ್ತೆ. ತಮಟೆ ಇರೋ ಬೀದಿಗೆ ಹತ್ತಿರ ಹೋಗಬೇಡಿ, ಎರಡು ಬೀದಿ ಈಚೆ ನಿಂತು ಕೇಳಿಸಿ, ತಿಂಡಿ ಕೊಡಿ. ದೀಪಾವಳಿ ಪಟಾಕಿಗೆ ಅದೇ ಪೂರ್ವಸಿದ್ಧತೆ. ಆದರೂ ಆ ಮೂರು ರಾತ್ರಿ ಕಿಟಕಿ ಮುಚ್ಚಿ, ಟಿವಿ ಜೋರು ಮಾಡಿ, ಮನೆಯಲ್ಲಿ ಒಬ್ಬರು ಜೊತೆಗಿರಿ.

— ಎರಡು ಮರಿ ತಂದರೆ ಒಂದಕ್ಕೊಂದು ಜೊತೆ ಆಗುತ್ತಲ್ಲ ಡಾಕ್ಟ್ರೇ?

— ಆಗುತ್ತೆ, ನೀವು ಅವಕ್ಕೆ ಬೇಡವಾಗ್ತೀರಿ. ಒಂದೇ ಸೂಲಿನ ಎರಡನ್ನ ಒಟ್ಟಿಗೆ ಬೆಳೆಸೋದು ಅನುಭವ ಇದ್ದವರಿಗೂ ಕಷ್ಟ. ಒಂದು ಸಾಕು, ಹೆಣ್ಣು ತನ್ನಿ. ಗಂಡಾದರೆ ಯಾರಾದರೂ ಎತ್ತಿಕೊಂಡು ಹೋಗ್ತಾರೆ, ಹೆಣ್ಣು ಮರಳ ರಾಶಿಯಲ್ಲೇ ಉಳಿಯುತ್ತೆ, ವರ್ಷದೊಳಗೆ ತಾನೇ ತಾಯಿಯಾಗುತ್ತೆ. ಆಪರೇಷನ್ ಯಾವಾಗ ಅಂತ ಮುಂದೆ ನೋಡೋಣ. ರೇಬೀಸ್ ಲಸಿಕೆ ಆದ ಮೇಲೆ ಪಾಲಿಕೆ ಲೈಸೆನ್ಸ್ ಮಾಡಿಸಿ.

— ಕಂದು ನಾಯಿ?

— ಅದರ ಕಿವಿ ತುದಿ ನೋಡಿ. ಕತ್ತರಿಸಿಲ್ಲ, ಅಂದರೆ ಆಪರೇಷನ್ ಆಗಿಲ್ಲ. ಈ ಊರಿನಲ್ಲಿ 2023ರಲ್ಲಿ ಎಣಿಸಿದಾಗ ಬೀದಿ ನಾಯಿಗಳು ಸುಮಾರು 2.79 ಲಕ್ಷ ಇದ್ದವು. ಅದಕ್ಕೆ ನಾಲ್ಕು ವರ್ಷ ಮುಂಚೆ 3.1 ಲಕ್ಷ. ಆಪರೇಷನ್ ಮಾಡಿ ಅದೇ ಜಾಗಕ್ಕೆ ಬಿಟ್ಟಿದ್ದರಿಂದ ಇಳಿದದ್ದು ಅಂತ ನಾನು ನಂಬ್ತೀನಿ, ಒಪ್ಪದೆ ಜಗಳ ಆಡೋರೂ ನಮ್ಮ ವಾಕಿಂಗ್ ಗುಂಪಿನಲ್ಲೇ ಇದ್ದಾರೆ. ಮರಿಗಳು ಹಾಲು ಬಿಟ್ಟ ಮೇಲೆ ಪಾಲಿಕೆಗೆ ಫೋನ್ ಮಾಡೋಣ. ಹಿಡಿಯೋವಾಗಲೂ, ವಾಪಸ್ ಬಿಡೋವಾಗಲೂ ನೀವು ಅಲ್ಲಿರಿ. ನಿಮ್ಮ ಮರಿ ನಾಳೆ ಬೀದಿಗೆ ಇಳಿದಾಗ ಮೊದಲು ಮೂಸಿ ನೋಡೋದು ಅದೇ ತಾಯಿ. ಹೊಸ ನಾಯಿಗಳ ಗುಂಪು ಇಲ್ಲಿಗೆ ನುಗ್ಗದ ಹಾಗೆ ಕಾಯೋದೂ ಅದೇ.

— ಬಿಲ್ಡಿಂಗ್ ಮೇಸ್ತ್ರಿ ಬೈಯ್ದರೆ?

— ಅವನು ಒಳ್ಳೆಯವನೇ. ಮರಳ ಮೇಲೆ ಗೋಣಿಚೀಲ ಹಾಸಿದ್ದು ಅವನೇ ಅಂತ ವಾಚ್‌ಮನ್ ಹೇಳ್ದ. ಸ್ಲ್ಯಾಬ್ ಹಾಕೋದು ಯಾವತ್ತು ಅಂತ ಮಾತ್ರ ಕೇಳಿ ಇಟ್ಟುಕೊಳ್ಳಿ. ಅವತ್ತು ಜಲ್ಲಿ ಲಾರಿ ರಿವರ್ಸ್ ಬರೋಕೆ ಮುಂಚೆ ನಾಲ್ಕನ್ನೂ ಎತ್ತಿ ಈಚೆ ಇಡಬೇಕು.